ನಿಮ್ಮದು ನನ್ನಲ್ಲಿದೆ

ನಮ್ಮೂರಿನಲ್ಲಿ ಕೆಲಸದಿಂದ ಬಿಡಿಸುವ ಮಾತನ್ನು ಬಾಯಿಬಿಟ್ಟೇ ಹೇಳಬೇಕು. ಕಾಗದದಲ್ಲಿ ಬರೆದುಕೊಟ್ಟರೆ ಕಾಲು ಕೇಳುವುದಿಲ್ಲ. ಕಾಗದ ಇಸಿದುಕೊಂಡವನು ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು, ತಾನೇ ಬೇಡವೆಂದರೂ, ಕಾರ್ಖಾನೆಯ ಗೇಟಿನ ಮುಂದೆ ನಿಂತಿರುತ್ತಾನೆ. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಕಿವಿಗೆ ಬೀಳುವ ಹಾಗೆ ‘ನಾಳೆಯಿಂದ ತಾವು ಬರುವುದು ಬೇಡ’ ಎಂದು ಹೇಳಿದರೆ ಮಾತ್ರ ಆ ಕಾಲಿಗೆ ಬಿಡುಗಡೆ. ಹಾಗೆ ಹೇಳಿದ ಗಳಿಗೆಯಲ್ಲಿ ಹೋಗುವವನದು ಏನೋ ಒಂದು ಹೇಳಿದವನಲ್ಲಿ ಉಳಿದುಬಿಡುತ್ತದೆ. ಒಂದು ಕೆಮ್ಮು, ಒಂದು ನಗು, ಕೂರುವ ಮುಂಚೆ ಪಂಚೆ ಕೊಡವುವ ರೀತಿ. ಹೋದವನು ಅದಿಲ್ಲದೆ ಮನೆಗೆ ಹೋಗುತ್ತಾನೆ. ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎನ್ನುವುದು ಇಬ್ಬರ ಕೈಯಲ್ಲೂ ಇಲ್ಲ. ಆದರೆ ಯಾವುದನ್ನು ಎದೆಗವಚಿಕೊಂಡಿರುತ್ತೇವೋ ಅದೇ ಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ತಾನಾಗಿ ಕೆಲಸ ಬಿಟ್ಟವನದು ಮಾತ್ರ ಯಾರ ಪಾಲಿಗೂ ಹೋಗುವುದಿಲ್ಲ.

ಅದಕ್ಕೇ ನಮ್ಮಲ್ಲೊಂದು ಪದ್ಧತಿ ಉಂಟು. ಆ ಮಾತು ಹೇಳಿದವರು ಅದೇ ಸಾಯಂಕಾಲ ಹೋದವರ ಮನೆಗೆ ನಡೆದುಕೊಂಡು ಬರಬೇಕು. ಜಗಲಿಯಲ್ಲಿ ಕುಳಿತು ಮನೆಯವರು ಕೊಟ್ಟ ನೀರು ಕುಡಿದು, ‘ನಿಮ್ಮದು ನನ್ನಲ್ಲಿದೆ’ ಎನ್ನಬೇಕು. ಯಾರೂ ಬೈಯುವಂತಿಲ್ಲ, ಅಳುವಂತಿಲ್ಲ. ಎಲ್ಲಿದೆ ಎಂದು ಗೊತ್ತಾದರೆ ಸಾಕು. ಬೇಕೆನಿಸಿದಾಗ ಹೋಗಿ ನೋಡಿ ಬರಬಹುದು, ಕೇಳಿ ಬರಬಹುದು.

ನಮ್ಮ ಮನೆಗೆ ಮಾತ್ರ ಯಾರೂ ಬರಲಿಲ್ಲ.

ನನ್ನ ತಂದೆ ಧರಣೇಂದ್ರಯ್ಯನವರು ಹಗಲು ಸೋಪಿನ ಕಾರ್ಖಾನೆಯಲ್ಲಿ ಹಾಜರಿ ಹಾಕುತ್ತಿದ್ದರು. ಸಂಜೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ಬಸದಿಯ ಮುಖಮಂಟಪದಲ್ಲಿ ಕುಳಿತು ಕಾವ್ಯ ಓದುತ್ತಿದ್ದರು. ಓದುವುದೆಂದರೆ ರಾಗವಾಗಿ, ಪದ ಬಿಡಿಸಿ, ಕಿವಿಗೆ ಅರ್ಥ ತಾನಾಗಿ ಇಳಿಯುವ ಹಾಗೆ. ನಾನು ಅಕ್ಷರ ಕಲಿಯುವ ಮೊದಲೇ ಅವರ ತೊಡೆಯ ಮೇಲೆ ಪದ್ಯ ಕಲಿತವಳು. ಮಾತಾಡುವುದಕ್ಕಿಂತ ಕೇಳುವುದೇ ನನಗೆ ಹೆಚ್ಚು ಬರುತ್ತಿತ್ತು, ಈಗಲೂ ಅಷ್ಟೆ. ಪದ್ಯದ ಕೊನೆಯ ಪದಕ್ಕೆ ಬಂದಾಗ ಅಪ್ಪ ಒಂದು ಉಸಿರಿನಷ್ಟು ನಿಲ್ಲುತ್ತಿದ್ದರು. ಆಮೇಲೆ ಆ ಪದವನ್ನು ಸ್ವಲ್ಪ ಮೇಲಕ್ಕೆತ್ತಿ, ನಿದ್ದೆ ಬಂದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ಮೆಲ್ಲನೆ ಕೆಳಗಿಡುತ್ತಿದ್ದರು. ಅದಕ್ಕಾಗಿಯೇ ಜನ ಬರುತ್ತಿದ್ದರು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆ ಇಳಿಸುವಿಕೆ ಮಾತ್ರ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಸೋಪಿನ ಕಾರ್ಖಾನೆ ಮುಚ್ಚುವ ಕಾಲಕ್ಕೆ ಅಪ್ಪನನ್ನು ಒಂದು ಕೋಣೆಗೆ ಕರೆದರಂತೆ. ಒಳಗೆ ಒಂದು ಕುರ್ಚಿ, ಎದುರಿಗೆ ದಪ್ಪ ನೀಲಿ ಪರದೆ. ಪರದೆಯ ಹಿಂದಿನಿಂದ ಯಾರೋ ಆ ಮಾತು ಹೇಳಿದರು. ಯಾರೆಂದು ಅಪ್ಪನಿಗೆ ಕಾಣಲಿಲ್ಲ. ಅವತ್ತು ಸಾಯಂಕಾಲ ಅವರು ಎಂದಿನಂತೆ ಮಂಟಪಕ್ಕೆ ಹೋಗಿ, ನಮ್ಮ ತಾತ ಕಟ್ಟಿದ ಒಂದು ಪದ್ಯ ಎತ್ತಿಕೊಂಡರು. ಕೊನೆಯ ಪದಕ್ಕೆ ಬಂದಾಗ ನಿಂತರು. ಎತ್ತಲು ಹೋದರು. ಪದ ಕೈಜಾರಿದ ಚೊಂಬಿನಂತೆ ಬಿತ್ತು. ಇನ್ನೊಮ್ಮೆ ಓದಿದರು, ಇನ್ನೊಮ್ಮೆ ಬಿತ್ತು. ಅವರು ಶಾಲು ಮಡಚಿ ಹೆಗಲಿಗೆ ಹಾಕಿಕೊಂಡು, ದೇವರಿಗೆ ಕೈಮುಗಿದು, ನನ್ನ ಬೆರಳು ಹಿಡಿದು ಮನೆಗೆ ಬಂದರು. ಆಮೇಲೆ ಓದಲಿಲ್ಲ.

ಬಂದು ಹೇಳುತ್ತಾರೆ ಎಂದು ಕಾದರು. ಅಮ್ಮ ಸುಮತಿ ದಿನವೂ ದೀಪ ಹಚ್ಚಿದ ಮೇಲೆ ಜಗಲಿಯ ಮೂಲೆಯಲ್ಲಿ ಒಂದು ಲೋಟ ನೀರು ಇಟ್ಟು, ಅದರ ಮೇಲೊಂದು ತಟ್ಟೆ ಮುಚ್ಚುತ್ತಿದ್ದಳು. ಬೆಳಿಗ್ಗೆ ಆ ನೀರನ್ನು ತುಳಸಿಗೆ ಹಾಕುವಳು. ನಾನು ಶಾಲೆ ಮುಗಿಸಿ ಕಾಲೇಜಿಗೆ ಹೋದೆ, ಕಾಲೇಜು ಮುಗಿಸಿ ಎಚ್.ಆರ್. ಓದಿದೆ, ಅಷ್ಟು ವರ್ಷವೂ ಆ ಲೋಟ ಅಲ್ಲೇ ಇತ್ತು.

ನಾನು ಎಚ್.ಆರ್. ಓದಿದ್ದು ಏಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಊರಿನಲ್ಲಿ ಮಾತ್ರ ಎಲ್ಲರೂ ಕೇಳಿದರು. ಪಕ್ಕದ ಮನೆಯ ಪಾಯಣ್ಣ ಮಾವ, ಬಸದಿಯ ಗಂಧ ತೇಯುವ ಕೆಲಸದವರು, ಒಂದು ದಿನ ಜಗಲಿಯ ಮೇಲೆ ಕುಳಿತು ತೀರ್ಪು ಕೊಟ್ಟೇಬಿಟ್ಟರು.

“ಮರುದೇವಿ, ನಿನಗೆ ಬುದ್ಧಿ ಇದ್ರೆ ಟೈಲ್ಸ್ ಕಂಪನಿಗೆ ಸೇರ್ಕೋ. ಅಲ್ಲಿನ ಎಚ್.ಆರ್. ಸಾಹೇಬ್ರು ಇನಾಮದಾರರನ್ನ ನೋಡಿದೀಯಾ? ಎಷ್ಟು ವರ್ಷದಿಂದ ಅಲ್ಲವ್ರೆ. ಮೈಮೇಲೆ ಬೇರೆಯವರದ್ದು ಒಂದು ಸೀನೂ ಇಲ್ಲ. ಚೊಕ್ಕ ಚಿನ್ನ! ಅಂದ್ಮೇಲೆ ಆ ಕಂಪನಿ ಯಾರನ್ನೂ ಕಳಿಸಿಲ್ಲ ಅಂತ ತಾನೆ?”

“ಆ ಕೊಡೆ ಕಾರ್ಖಾನೆಯಿಂದಲೂ ಕರೆ ಬಂದಿದೆಯಲ್ಲ ಪಾಯಣ್ಣ,” ಎಂದಳು ಅಮ್ಮ.

“ಎಸ್ತರಮ್ಮನ ಹತ್ತಿರವಾ? ಅಯ್ಯೋ ಸುಮತಮ್ಮ, ಆ ಯಮ್ಮ ಸಂತೆಗೆ ಬಂದ್ರೆ ನಾಕು ಜನ ಬಂದಹಾಗಿರ್ತದೆ. ಒಂದ್ ಕಡೆ ಕೆರ್ಕೋತಾಳೆ, ಇನ್ನೊಂದ್ ಕಡೆ ಕೆಮ್ತಾಳೆ. ನಾಳೆ ಇವಳನ್ನ ನೋಡೋಕೆ ಗಂಡಿನ ಕಡೆಯವರು ಬಂದಾಗ ಇವಳು ಯಾವನೋ ಲಾರಿ ಡ್ರೈವರ್ ಥರ ಮೂಗು ಸೀಟಿದ್ರೆ?”

ನಮ್ಮೂರಿನ ಜನ ಕಂಪನಿಯ ಬೆಲೆ ಕಟ್ಟುತ್ತಿದ್ದುದೇ ಹೀಗೆ. ಎಚ್.ಆರ್. ಅಧಿಕಾರಿಯ ಮೈಯನ್ನು ನೋಡುವುದು. ಅದು ಚೊಕ್ಕವಾಗಿದ್ದರೆ ಕಂಪನಿ ಒಳ್ಳೆಯದು. ಇದರಲ್ಲಿ ತಪ್ಪಿರಬಹುದೆಂದು ಯಾರಿಗೂ ಅನಿಸಿರಲಿಲ್ಲ, ನನಗೂ ಕೂಡ.

ಅಪ್ಪ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ಪಾಯಣ್ಣ ಮಾವ ಹೋದ ಮೇಲೆ ಬಂದು ಹೇಳಿದರು. “ಎಲ್ಲಿಗೆ ಬೇಕಾದ್ರೂ ಸೇರಮ್ಮ. ಎಂದಾದರೂ ಆ ಮಾತು ಹೇಳೋ ಪ್ರಸಂಗ ಬಂದ್ರೆ, ಸಾಯಂಕಾಲ ಅವರ ಮನೆಗೆ ಹೋಗು. ಅಷ್ಟು ಮಾಡು, ಸಾಕು.”

ಮೊದಲು ಕೊಡೆ ಕಾರ್ಖಾನೆಗೆ ಹೋದೆ. ಹೆಂಚಿನ ಶೆಡ್ಡು, ಕಪ್ಪು ಬಟ್ಟೆಯ ಥಾನುಗಳು, ಕಡ್ಡಿ ಬಗ್ಗಿಸುವವರ ಟಕಟಕ. ಎಸ್ತರ್ ಮೇಡಂ ಮೂಲೆಯ ಮೇಜಿನ ಹಿಂದೆ ಕುಳಿತಿದ್ದರು. ನಾನು ನಮಸ್ಕಾರ ಎನ್ನುವಷ್ಟರಲ್ಲಿ ಅವರಿಗೆ ಸೀನು ಬಂತು. ಸೀನಿ, “ಶಿವಾ!” ಎಂದರು. ಅವರ ಕೊರಳಲ್ಲಿ ಶಿಲುಬೆ ಇತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

“ಇದು ಮಡಿವಾಳಪ್ಪನದು,” ಎಂದರು. “ಚರ್ಚಿನಲ್ಲಿ ಸೀನಿದ್ರೂ ಶಿವಾ ಅಂತೀನಿ. ಫಾದರ್ ಈಗ ಒಗ್ಗಿಹೋಗಿದ್ದಾರೆ. ಮೊನ್ನೆ ನಾನು ಸೀನದೆ ಇದ್ದಿದ್ದಕ್ಕೆ ಹುಷಾರಿಲ್ವಾ ಅಂತ ಕೇಳಿದ್ರು.” ನಕ್ಕರು. “ಕೂತ್ಕೋ ಮಗಳೇ. ಬಲಗೈಲಿ ಎಡಕಿವಿ ಹಿಡ್ಕೋತೀನಲ್ಲ, ಇದು ಚಿಕ್ಕತಾಯಿದು. ಹೊಲಿಗೆಯವಳು. ಒಂದೊಂದೂ ಯಾರದು ಅಂತ ನನಗೆ ಗೊತ್ತು. ಎಲ್ಲರ ಮನೇಲೂ ನೀರು ಕುಡಿದಿದ್ದೀನಿ.”

ಅವರು ನನಗೆ ಒಂದೇ ಪ್ರಶ್ನೆ ಕೇಳಿದರು. “ಈ ಕೆಲಸ ಯಾಕೆ ಬೇಕು ನಿನಗೆ?” ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳಲು ಬಾಯಿ ತೆರೆದೆ. ಆಗ ಬಾಗಿಲಿನಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಎಸ್ತರ್ ಮೇಡಂ ನನಗೆ ಸನ್ನೆಯಿಂದ ತಾಳು ಎಂದು ಹೇಳಿ, ಅವಳಿಗೆ ಸ್ಟೂಲು ತೋರಿಸಿದರು. ಬಂದವಳು ಗಂಡನನ್ನು ಕಳೆದುಕೊಂಡವಳು. ಅವನ ನಗು ಎಸ್ತರ್ ಮೇಡಂ ಹತ್ತಿರ ಇತ್ತು. ಆದರೆ ನಗು ಕೇಳಿದಾಗ ಬರುವಂಥದ್ದಲ್ಲವಲ್ಲ. ಅದಕ್ಕೆ ಆ ಹೆಂಗಸು ಸೆರಗು ಸರಿಮಾಡಿಕೊಂಡು, ತನ್ನ ಗಂಡನಿಗೆ ಬಹಳ ಇಷ್ಟವಾಗಿದ್ದ ಒಂದು ಕಥೆ, ಮಾವನ ಮನೆಯಲ್ಲಿ ಹೋಳಿಗೆಗೆ ಸಾರು ಹಾಕಿಕೊಂಡ ಅಳಿಯನ ಕಥೆಯನ್ನು, ಗಂಭೀರವಾಗಿ ಹೇಳತೊಡಗಿದಳು. ಎಷ್ಟು ಸಲ ಹೇಳಿದ್ದಳೋ. ಎಸ್ತರ್ ಮೇಡಂ ಮೊದಲ ಸಲ ಕೇಳುವವರಂತೆ ಕೇಳಿದರು. ಹೋಳಿಗೆ ತೇಲಿತು ಎನ್ನುವಲ್ಲಿಗೆ ಬಂದಾಗ ಅವರ ಹೊಟ್ಟೆಯ ಆಳದಿಂದ ಒಬ್ಬ ಗಂಡಸಿನ ನಗು, ಸ್ವಲ್ಪ ಗೊರಗೊರ ಎನ್ನುವ ನಗು, ಎದ್ದು ಬಂತು. ಹೆಂಗಸು ತಲೆ ತಗ್ಗಿಸಿಕೊಂಡು ಅದು ನಿಲ್ಲುವವರೆಗೂ ಕೇಳಿದಳು. ನಂತರ ಕಣ್ಣಿಗೆ ಸೆರಗು ಒತ್ತಿಕೊಂಡು, “ಬರ್ತೀನಿ ಮೇಡಂ” ಎಂದು ಎದ್ದುಹೋದಳು.

ನನಗೆ ಭಯವಾಯಿತು. ಸುಳ್ಳು ಏಕೆ ಹೇಳಲಿ. ಯಾರದೋ ನಗು ನನ್ನ ಗಂಟಲಲ್ಲಿ, ಯಾರದೋ ಗೂರಲು ನನ್ನ ಎದೆಯಲ್ಲಿ. ಬಸದಿಯಲ್ಲಿ ಕಣ್ಣುಮುಚ್ಚಿ ನಿಂತಾಗ ಅವರೆಲ್ಲ ನನ್ನೊಳಗೆ ಕೆಮ್ಮಿದರೆ ನಾನು ಯಾರ ಪರವಾಗಿ ಕೈಮುಗಿಯಲಿ? ಯೋಚಿಸಿ ಹೇಳುತ್ತೇನೆ ಎಂದೆ. ಎಸ್ತರ್ ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. “ಯೋಚ್ನೆ ಮಾಡು. ಯೋಚ್ನೆ ಮಾಡದೆ ಬರೋರು ನನಗೂ ಬೇಡ,” ಎಂದರು.

ಟೈಲ್ಸ್ ಕಂಪನಿಯ ನೆಲದಲ್ಲಿ ನನ್ನ ಮುಖ ನನಗೇ ಕಾಣುತ್ತಿತ್ತು. ಇನಾಮದಾರ್ ಸರ್ ಎದ್ದುನಿಂತು ಬರಮಾಡಿಕೊಂಡರು. ಪಾಯಣ್ಣ ಮಾವ ಹೇಳಿದ್ದು ನಿಜ. ಅವರ ನಗು ಅವರದೇ, ಕೂರುವ ರೀತಿ ಅವರದೇ. ಮಾತು ತೊಳೆದಿಟ್ಟ ಗಾಜಿನಂತಿತ್ತು. ನನ್ನ ಓದು, ಮನೆ, ಅಭಿರುಚಿ ಎಲ್ಲ ಕೇಳಿದರು. ನಾನು ಮನಸ್ಸಿನಲ್ಲಿಯೇ ಅಲ್ಲಿ ಸೇರಿಬಿಟ್ಟಿದ್ದೆ. ಕೊನೆಗೆ ಸುಮ್ಮನೆ ಮಾತಿಗೆಂದು ಕೇಳಿದೆ.

“ಸರ್, ಇಲ್ಲಿ ಯಾರನ್ನೂ ಬಿಡಿಸಿಯೇ ಇಲ್ವಾ?”

“ಬಿಡಿಸದೆ ಕಂಪನಿ ನಡಿಯುತ್ತೇನಮ್ಮ?” ಎಂದರು ಇನಾಮದಾರ್ ಸರ್, ಮಗುವಿಗೆ ಹೇಳುವಂತೆ. “ಅದಕ್ಕೊಂದು ವ್ಯವಸ್ಥೆ ಇದೆ. ನಮ್ಮ ಕೈಗೆ ಕೆಸರು ಯಾಕೆ? ಬನ್ನಿ, ತೋರಿಸ್ತೀನಿ.”

ಕಾರಿಡಾರಿನ ತುದಿಗೆ ಕರೆದುಕೊಂಡು ಹೋದರು. ಒಂದು ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಂದು ಕುರ್ಚಿ, ಅದರ ಮೇಲೆ ನೀಲಿ ಸಮವಸ್ತ್ರದ ಒಬ್ಬ ನಡುವಯಸ್ಸಿನವನು ಕೈಕಟ್ಟಿ ಕುಳಿತಿದ್ದ. ಎದುರಿಗೆ ದಪ್ಪ ಪರದೆ. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು. ಪರದೆಯ ಹಿಂದಿನಿಂದ ಒಂದು ದನಿ ಬಂತು.

“ನಾಳೆಯಿಂದ ತಾವು ಬರುವುದು...” ದನಿ ಒಂದು ಉಸಿರಿನಷ್ಟು ನಿಂತಿತು. ಆಮೇಲೆ ಕೊನೆಯ ಪದ ಸ್ವಲ್ಪ ಮೇಲಕ್ಕೆದ್ದು, ನಿದ್ದೆ ಬಂದ ಕೂಸಿನಂತೆ, ಮೆಲ್ಲನೆ ಕೆಳಗಿಳಿಯಿತು. “...ಬೇಡ.”

ಕುಳಿತಿದ್ದವನು ಎದ್ದು, ಏನನ್ನೋ ಹುಡುಕುವವನಂತೆ ಎದೆ ಮುಟ್ಟಿಕೊಂಡು, ನನ್ನ ಪಕ್ಕದಲ್ಲೇ ಹಾದುಹೋದ. ಎಷ್ಟು ವರ್ಷಗಳ ಮೇಲೆ ಕೇಳಿದೆ ಅದನ್ನು! ದೇವರ ಮುಂದೆ ಕೇಳಿದ್ದನ್ನು ಇಂಥ ಮಾತಿನ ತುದಿಯಲ್ಲಿ ಕೇಳಬೇಕಾಯಿತು.

ಇನಾಮದಾರ್ ಸರ್ ನನ್ನನ್ನು ಈಚೆಗೆ ಕರೆದು ದನಿ ತಗ್ಗಿಸಿದರು. “ಈ ಮನುಷ್ಯ ಬೋರಲಿಂಗಯ್ಯ ಅಂತ. ಮುಂಚೆ ಬಸ್ ಸ್ಟ್ಯಾಂಡಿನಲ್ಲಿ ಮೈಕಿನಲ್ಲಿ ಕೂಗ್ತಿದ್ದೋನು. ಊರಿನ ಕಾರ್ಖಾನೆಗಳೆಲ್ಲ ಇವನನ್ನೇ ಕರೀತಿದ್ವು. ಈಗ ದಣಿದಿದ್ದಾನೆ, ಮಾತು ಕಲಸಿಹೋಗ್ತಿದೆ. ಇವನನ್ನ ಕಳಿಸ್ಬೇಕು. ಆದ್ರೆ ಇವನಿಗೆ ಹೇಳೋರು ಯಾರು? ನಾನು ಹೇಳೋಕಾಗಲ್ಲ, ಗೊತ್ತಲ್ಲ. ನೀವು ಹೊಸಬರು. ಒಂದೇ ಒಂದು ಸಲ. ಮೈಗೆ ಒಂದೇ ಒಂದು ಬರುತ್ತೆ. ಆಮೇಲೆ ಪರದೆಗೆ ಇನ್ನೊಬ್ಬನನ್ನ ನೋಡಿದ್ದೀನಿ, ನೀವು ಜೀವಮಾನ ಚೊಕ್ಕವಾಗಿರಬಹುದು.”

ಆ ಮನುಷ್ಯನ ಜೊತೆ ಒಂದು ಮಾತಾಡಬಹುದೇ ಎಂದು ಕೇಳಿದೆ. “ಮಾತಾಡಿ, ಮಾತಾಡಿ. ಅಭ್ಯಾಸ ಆಗ್ಲಿ,” ಎಂದು ಅವರು ಹೊರಗೆ ನಿಂತರು.

ಪರದೆ ಸರಿಸಿದೆ. ಒಬ್ಬ ಮುದುಕ ಬೆಂಚಿನ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಗಾಬರಿಯಾಗಿ ಎದ್ದ. ಏಳುವಾಗ ಮೊಣಕಾಲು ಮೂರು ಸಲ ತಟ್ಟಿದ, ಆ ತಟ್ಟುವ ರೀತಿ ಅವನದಾಗಿರಲಿಲ್ಲ. ತುಟಿ ಒರೆಸಿದ ರೀತಿ ಹೆಂಗಸಿನದಾಗಿತ್ತು. ಮಾತಾಡತೊಡಗಿದಾಗ ಒಂದೊಂದು ವಾಕ್ಯವೂ ಒಂದೊಂದು ಮನೆಯಿಂದ ಹೊರಟಂತೆ ಬಂತು.

“ಯಾರಮ್ಮ ನೀವು? ಇಲ್ಲಿಗೆ ಬರಬಾರದು, ಮುಖ ನೋಡಬಾರದು. ಕರಾರು ಹಾಗಿದೆ.”

“ನಾನು ಸೋಪಿನ ಕಾರ್ಖಾನೆಯ ಧರಣೇಂದ್ರಯ್ಯನವರ ಮಗಳು.”

“ಹೆಸರು ಗೊತ್ತಿಲ್ಲ ತಾಯಿ. ಯಾರ ಹೆಸರೂ ಗೊತ್ತಿಲ್ಲ. ಪರದೆಯಿಂದ ನಾನೂ ನೋಡೋ ಹಾಗಿಲ್ಲ, ಅವರೂ ನೋಡೋ ಹಾಗಿಲ್ಲ. ನೋಡಿದ್ರೆ ಮನೆಗೆ ಹೋಗ್ಬೇಕಾಗುತ್ತಲ್ಲ? ಮನೆಗೆ ಹೋದ್ರೆ ಜನ ಇಲ್ಲಿಗೆ ಬರ್ತಾರಲ್ಲ?” ಕೆಮ್ಮಿದ. ಆ ಕೆಮ್ಮು ಮುಗಿಯುವ ಮೊದಲೇ ಇನ್ನೊಂದು ಕೆಮ್ಮು ಅದನ್ನು ತಳ್ಳಿಕೊಂಡು ಬಂತು.

“ಕೊನೆಯ ಪದ ಇಳಿಸ್ತೀರಲ್ಲ,” ಎಂದೆ. “ಅದು ನಮ್ಮಪ್ಪನದು.”

ಬೋರಲಿಂಗಯ್ಯನ ಮೈಯೆಲ್ಲ ಏನೇನೋ ಮಾಡುತ್ತಿತ್ತು, ಮುಖ ಮಾತ್ರ ನಿಂತಿತು. “ಅದು ನಿಮ್ಮದಾ?” ಎಂದ. “ಬೇರೆ ಎಲ್ಲ ಭಾರ ತಾಯಿ. ಒಬ್ಬೊಬ್ಬರ ಉಬ್ಬಸ, ಒಬ್ಬೊಬ್ಬರ ಬೈಗುಳ. ಅದೊಂದು ಮಾತ್ರ ಭಾರ ಅಲ್ಲ. ಮನೇಲಿ ಮೊಮ್ಮಗಳಿಗೆ ಜೋಗುಳ ಹಾಡ್ತೀನಿ, ಕೊನೇ ಪದ ಹಾಗೆ ಇಳಿಸಿದ್ರೆ ತಕ್ಷಣ ಕಣ್ಣು ಮುಚ್ತಾಳೆ. ಈ ಕೆಟ್ಟ ಮಾತು ಹೇಳುವಾಗಲೂ, ಹೆಂಗೂ ಹೇಳ್ಬೇಕು, ಕೊನೇ ಪದವಾದ್ರೂ ಮೆತ್ತಗೆ ಬೀಳ್ಲಿ ಅಂತ ಅದರಲ್ಲೇ ಹೇಳ್ತೀನಿ. ಅದಿಲ್ಲದಿದ್ರೆ ನಾನು ಯಾವತ್ತೋ...”

ಆಗ ನನಗೆ ಹೊಳೆಯಿತು. ಎದೆಗವಚಿಕೊಂಡದ್ದೇ ಹೋಗುತ್ತದೆ. ಈ ಮುದುಕ ಎದೆಗವಚಿಕೊಂಡಿದ್ದು ಯಾವುದನ್ನು ಎಂದು ಅವನೇ ಹೇಳಿದ್ದ. ನಾನು ಒಂದು ಮಾತು ಹೇಳಿದರೆ, ಇಲ್ಲೇ, ಈಗಲೇ, ಅಪ್ಪನ ಆ ಇಳಿಸುವಿಕೆ ನನ್ನ ನಾಲಿಗೆಗೆ ಬರುತ್ತದೆ. ಸಾಯಂಕಾಲ ಮನೆಗೆ ಹೋಗಿ ಅವರ ಪಕ್ಕದಲ್ಲಿ ಕುಳಿತು ತಾತನ ಪದ್ಯ ಓದಬಹುದು. ಬಸದಿಯಲ್ಲಿ ಜನ ಮತ್ತೆ ಸೇರುತ್ತಾರೆ. ಅಮ್ಮ ಇನ್ನು ಲೋಟ ಇಡಬೇಕಾಗಿಲ್ಲ. ಒಂದೇ ಮಾತು. ಅದನ್ನು ಹೇಳಲೆಂದೇ ನನ್ನನ್ನು ಕರೆದಿದ್ದಾರೆ. ಹೇಳಿದರೆ ಕೆಲಸವೂ ಸಿಗುತ್ತದೆ.

‘ನಾಳೆಯಿಂದ’ ಎಂಬ ಪದ ನನ್ನ ಬಾಯಿಗೆ ಬಂದಿತ್ತು. ಬೋರಲಿಂಗಯ್ಯ ಅದನ್ನು ಕಂಡ. ಹೇಳಿ ಹೇಳಿ ಪಳಗಿದವನಲ್ಲವೇ, ಹೇಳಲು ಬಂದವರ ಬಾಯಿ ಅವನಿಗೆ ಗುರುತು ಹತ್ತಿತು. ಓಡಲಿಲ್ಲ, ಬೇಡಲಿಲ್ಲ. ಪರದೆಯ ಆಚೆ ಹೋಗಿ, ಆ ಕುರ್ಚಿಯ ಮೇಲೆ ಕುಳಿತು, ಕೈಕಟ್ಟಿಕೊಂಡ.

ಇಂಥದೇ ಕುರ್ಚಿಯ ಮೇಲೆ ನಮ್ಮಪ್ಪ ಕುಳಿತದ್ದನ್ನು ನಾನು ನೋಡಿರಲಿಲ್ಲ. ಈಗ ನೋಡಿದಂತಾಯಿತು. ನಾನು ಆ ಮಾತು ಹೇಳಿದರೆ ಇವನ ಮೊಮ್ಮಗಳು ಇವತ್ತು ಜೋಗುಳ ಕೇಳಿ ಕಣ್ಣು ತೆರೆದೇ ಮಲಗಿರುತ್ತಾಳೆ. ಆ ಮನೆಯ ಜಗಲಿಯಲ್ಲಿ ಕುಳಿತು ‘ನಿಮ್ಮದು ನನ್ನಲ್ಲಿದೆ’ ಎಂದು ನಾನೇ ಹೇಳಬೇಕು. ನಮ್ಮದನ್ನು ನಾವು ತಂದುಕೊಂಡೆವು ಎಂದು ಹೇಳಲೇ? ಬಾಯಿಯಲ್ಲಿದ್ದ ಪದವನ್ನು ನುಂಗಿದೆ. ಕಹಿಯಾಗಿತ್ತು.

“ಏಳಿ ಯಜಮಾನರೇ,” ಎಂದೆ. “ನಾನು ಹೇಳಲ್ಲ. ಒಂದು ಕೇಳ್ತೀನಿ. ನಮ್ಮ ಮನೆ ಬಸದಿ ಬೀದಿಯಲ್ಲಿ, ಬೇವಿನ ಮರದ ಎದುರಿಗಿದೆ. ಒಂದು ಸಾಯಂಕಾಲ ಬನ್ನಿ. ನೀರು ಇಟ್ಟಿರ್ತಾರೆ.”

ಅವನು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. “ಮನೆಗೆ ಹೋಗಿದ್ದು ಗೊತ್ತಾದ್ರೆ ಅನ್ನ ಹೋಗುತ್ತೆ ತಾಯಿ,” ಎಂದಷ್ಟೇ ಹೇಳಿದ.

ಹೊರಗೆ ಇನಾಮದಾರ್ ಸರ್ ಗಡಿಯಾರ ನೋಡುತ್ತಿದ್ದರು. “ಆಯ್ತಾ?” ಎಂದರು.

“ಇಲ್ಲ ಸರ್. ನೀವು ಚೊಕ್ಕವಾಗಿರೋದು ಹೇಗೆ ಅಂತ ತಿಳೀತು. ನನಗೆ ಈ ಕೆಲಸ ಬೇಡ.”

ಅವರ ನಗು ಹೋಗಲಿಲ್ಲ. “ನಿಮಗೆ ಇನ್ನೂ ಚಿಕ್ಕ ವಯಸ್ಸು. ಭಾವನೆ ಜಾಸ್ತಿ. ಈ ಲೈನಿಗೆ ಅದು ಆಗಿಬರಲ್ಲ,” ಎಂದು ಹೇಳಿ ಲಿಫ್ಟಿನವರೆಗೂ ಬಂದು ಬೀಳ್ಕೊಟ್ಟರು. ಸಜ್ಜನಿಕೆಯಲ್ಲಿ ಕೊರತೆ ಇರಲಿಲ್ಲ.

ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಅತ್ತಳು. ಬಾಯಿಗೆ ಬಂದ ತುತ್ತು ಬಿಟ್ಟು ಬಂದೆಯಲ್ಲೇ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ, “ಒಳ್ಳೇದಾಯ್ತು ಬಿಡು, ಆ ಕೂಸಿನ ನಿದ್ದೆ ಕದ್ದು ನಾವೇನು ಓದೋದು,” ಎಂದಳು. ಅಪ್ಪ ಒಂದೇ ಕೇಳಿದರು. “ಹೇಗಿದೆ ಅದು? ಚೆನ್ನಾಗಿದೆಯಾ?” ಊರು ಬಿಟ್ಟು ಹೋದ ಮಗನ ಕ್ಷೇಮ ವಿಚಾರಿಸಿದಂತಿತ್ತು. ಚೆನ್ನಾಗಿದೆ ಅಪ್ಪ, ಮೆತ್ತಗೆ ಇಳಿಸುತ್ತಾರೆ ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು.

ಆ ಸಾಯಂಕಾಲ ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾನು ಕೊಡೆ ಕಾರ್ಖಾನೆಗೆ ಸೇರಿದೆ. ಪಾಯಣ್ಣ ಮಾವ ಬೀದಿಯಲ್ಲಿ ನನ್ನನ್ನು ಕಂಡಾಗಲೆಲ್ಲ, “ಏನಮ್ಮ, ಇನ್ನೂ ನೀನೇನಾ?” ಎಂದು ಕೇಳುವರು. ಎಸ್ತರ್ ಮೇಡಂ ನನಗೆ ಕೆಲಸ ಕಲಿಸಿದರು. ಜನರನ್ನು ಸೇರಿಸಿಕೊಳ್ಳುವಾಗಲೇ ಅವರ ಮನೆಯ ದಾರಿ ಕೇಳಿಟ್ಟುಕೋ ಎನ್ನುತ್ತಿದ್ದರು. ಒಂದು ದಿನ ಆ ದಾರಿಯಲ್ಲಿ ನಡೆಯಬೇಕಾಗಬಹುದು ಎಂದು ಗೊತ್ತಿದ್ದವರು ಸುಮ್ಮನೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ, ಸುಮ್ಮನೆ ಯಾರನ್ನೂ ಕಳಿಸುವುದೂ ಇಲ್ಲ. ಯಾರಿಗಾದರೂ ಆ ಮಾತು ಹೇಳಬೇಕಾದ ಪ್ರಸಂಗ ಬಂದರೆ ಅವರು ಮೊದಲು ಬೇರೆ ದಾರಿಗಳನ್ನೆಲ್ಲ ಹುಡುಕುವರು. ಕಡ್ಡಿ ಬಗ್ಗಿಸಲಾಗದವನನ್ನು ಹಿಡಿಕೆಯ ಕೆಲಸಕ್ಕೆ, ಅದೂ ಆಗದಿದ್ದರೆ ಗೋದಾಮಿಗೆ. ನಾನು ಅದನ್ನು ದಯೆ ಎಂದುಕೊಂಡಿದ್ದೆ. “ದಯೆ ಗಿಯೆ ಏನಿಲ್ಲ ಮಗಳೇ,” ಎಂದರು. “ನನ್ನ ಮೈಲಿ ಜಾಗ ಇಲ್ಲ.”

ಮಳೆಗಾಲ ಮುಗಿದು ಕೊಡೆಗೆ ಬೇಡಿಕೆ ಇಳಿದಾಗ ಬೇರೆ ಯಾವ ದಾರಿಯೂ ಉಳಿಯಲಿಲ್ಲ. ಬಟ್ಟೆ ಕತ್ತರಿಸುವ ವಜ್ರಪ್ಪನಿಗೆ ಹೇಳಬೇಕಾಗಿತ್ತು. ಎಸ್ತರ್ ಮೇಡಂ ತಾವೇ ಹೇಳುತ್ತೇನೆ ಎಂದರು. ನಾನು ಬೇಡವೆಂದೆ. ವಜ್ರಪ್ಪನನ್ನು ಹಿತ್ತಿಲ ಹೊಂಗೆಮರದ ಕೆಳಗೆ ಕೂರಿಸಿಕೊಂಡು, ನಾನೂ ಎದುರಿಗೆ ಕುಳಿತು, ಕಣ್ಣಿಗೆ ಕಣ್ಣಿಟ್ಟು ಹೇಳಿದೆ. ನನ್ನ ಕೊನೆಯ ಪದ ಇಳಿಯಲಿಲ್ಲ, ಬಿತ್ತು. ವಜ್ರಪ್ಪ ಕತ್ತರಿಯನ್ನು ಒರೆಸಿ ನನ್ನ ಪಕ್ಕದಲ್ಲಿಟ್ಟ. ನಾನು ಏಳುವಾಗ ನನ್ನ ಕೈ ತಾನಾಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಿತು. ದಿನವೂ ಕೆಲಸ ಮುಗಿಸಿ ಏಳುವಾಗ ಅವನು ಮಾಡುತ್ತಿದ್ದ ನಮಸ್ಕಾರ ಅದು.

ಸಾಯಂಕಾಲ ಅವನ ಮನೆಗೆ ನಡೆದೆ. ಅವನ ಹೆಂಡತಿ ನೀರು ಕೊಟ್ಟಳು. ಕುಡಿದೆ. “ನಿಮ್ಮದು ನನ್ನಲ್ಲಿದೆ,” ಎಂದೆ, ತೋರಿಸಿದೆ. ಅವಳು ನೋಡಿ, “ಅದೇ ಹೋಯ್ತಾ?” ಎಂದಳು, ಗಂಡನ ಕಡೆ ತಿರುಗಿ. ವಜ್ರಪ್ಪ, “ಒಳ್ಳೇ ಕಡೆನೇ ಹೋಗಿದೆ ಬಿಡು,” ಎಂದ. ಅವನಿಗೆ ಕೆಲಸ ಹುಡುಕಿಕೊಡುವ ಮಾತು ಕೊಟ್ಟು ಎದ್ದೆ. ಏಳುವಾಗ ಮತ್ತೆ ಕೈ ನೆಲ ಮುಟ್ಟಿತು. ಭಯ ಪಟ್ಟಿದ್ದೆನಲ್ಲ, ಯಾರ ಪರವಾಗಿ ಕೈಮುಗಿಯಲಿ ಎಂದು. ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆ ನಡೆಯಿತು, ಉತ್ತರ ಕೇಳದೆ.

ನಮ್ಮ ಜಗಲಿಯ ಕೆಳಗೆ ಒಂದು ಜೊತೆ ಸವೆದ ಚಪ್ಪಲಿ ಇತ್ತು.

ಬೋರಲಿಂಗಯ್ಯ ಕಂಬಕ್ಕೆ ಒರಗದೆ, ನೆಟ್ಟಗೆ ಕುಳಿತಿದ್ದ. ಪಕ್ಕದಲ್ಲಿ ಲೋಟ ಬರಿದಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು ತಟ್ಟೆಯನ್ನು ಎದೆಗೆ ಹಿಡಿದುಕೊಂಡಿದ್ದಳು. ಅಪ್ಪ ಎದುರಿಗೆ ಕುಳಿತಿದ್ದರು. ಹೇಳಬೇಕಾದ ಮಾತನ್ನು ಅವನು ಆಗಲೇ ಹೇಳಿ ಮುಗಿಸಿದ್ದನೆಂದು ಅವರ ಮುಖ ನೋಡಿಯೇ ತಿಳಿಯಿತು.

“ತಡವಾಯ್ತು ತಾಯಿ,” ಎಂದ ನನ್ನನ್ನು ಕಂಡು. “ಕೆಲಸ ನಾನೇ ಬಿಟ್ಟೆ. ಅವರು ಹೇಳೋರನ್ನ ಹುಡುಕ್ತಾ ಇದ್ರು. ಸಿಕ್ಕಿಬಿಟ್ಟರೆ ನಿಮ್ಮದು ಇನ್ಯಾರ ಪಾಲಿಗೋ ಹೋಗ್ತಿತ್ತು. ಬಸ್ ಸ್ಟ್ಯಾಂಡಿನವರು ಮತ್ತೆ ಮೈಕಿಗೆ ಕೂರಿಸಿದ್ದಾರೆ. ಅನ್ನಕ್ಕೆ ತೊಂದರೆ ಇಲ್ಲ.”

“ಅಲ್ಲಿ ಏನಾಗ್ತಿದೆ ಅಂತ ಇವಳಿಗೂ ಹೇಳಿ,” ಎಂದರು ಅಪ್ಪ.

“ಏನು ಹೇಳ್ಲಿ ಸ್ವಾಮಿ. ಒಂದೊಂದು ಬಸ್ಸು ಒಂದೊಂದು ಬಾಯಲ್ಲಿ ಕೂಗ್ತೀನಿ, ನನ್ನ ಕೈಲಿಲ್ಲ ಅದು. ಮೊದಲು ನಕ್ಕರು. ಆಮೇಲೆ ಒಬ್ಬಳು ಮುದುಕಿ ಬಂದು, ಕೆರೆಕೋಡಿ ಬಸ್ಸಿಗೆ ಕೆಮ್ಮಿದ್ಯಲ್ಲಪ್ಪ, ಅದು ನಮ್ಮ ಮನೆಯವರದು ಅಂದ್ಲು. ಈಗ ದಿನಾ ಜನ ಬರ್ತಾರೆ. ಎಲ್ಲಿಗೂ ಹೋಗಲ್ಲ, ಬೆಂಚಿನ ಮೇಲೆ ಕೂತು ಕೇಳ್ತಾರೆ. ಸಿಕ್ಕಿದವರ ಮನೆಗೆಲ್ಲ ಹೋಗ್ತೀನಿ. ಮೊದಲು ನಿಮ್ಮ ಮನೆಗೆ ಬರ್ಬೇಕಿತ್ತು. ನಿಮ್ಮದನ್ನೇ ನಾನು ಪ್ರೀತಿಯಿಂದ ಇಟ್ಕೊಂಡಿದ್ದೆ, ಅದಕ್ಕೇ ಬರೋಕೆ ಹೆದರಿಕೆ ಆಯ್ತು.”

ಹೊರಗೆ ಹೊತ್ತು ಮುಳುಗಿತ್ತು, ಬಸದಿಯ ಗಂಟೆ ಒಂದು ಸಲ ಢಣ್ ಎಂದು ಸುಮ್ಮನಾಯಿತು. ಅಪ್ಪ ಎದ್ದು ಒಳಗೆ ಹೋದರು. ಹಿಂದಿರುಗಿದಾಗ ಹೆಗಲ ಮೇಲೆ ಶಾಲು ಇತ್ತು. ಮಡಿಕೆಯ ಗೆರೆಗಳು ಅಷ್ಟೂ ವರ್ಷದವು, ಅಚ್ಚೊತ್ತಿದಂತೆ ಕೂತಿದ್ದವು. ಕಾಲು ಮಡಚಿ ಕುಳಿತರು. ಗಂಟಲು ಸರಿಮಾಡಿಕೊಂಡರು. ತಾತನ ಪದ್ಯವನ್ನು ಎತ್ತಿಕೊಂಡರು.

ದನಿ ಒಣಗಿತ್ತು. ಮೊದಲ ಸಾಲಿನಲ್ಲಿ ಎರಡು ಕಡೆ ಒಡೆಯಿತು. ಎರಡನೆಯದರಲ್ಲಿ ನೀರು ಹರಿಯತೊಡಗಿದ ಕಾಲುವೆಯಂತೆ ತನ್ನ ದಾರಿ ತಾನೇ ನೆನಪು ಮಾಡಿಕೊಂಡಿತು. ಅಮ್ಮ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಪಕ್ಕದ ಮನೆಯಲ್ಲಿ ಗಂಧ ತೇಯುವ ಸದ್ದು ನಿಂತಿತು. ಅಪ್ಪ ಕೊನೆಯ ಸಾಲಿಗೆ ಬಂದರು.

“ಹೊರೆಯನಿಳುಹಿದ ಮೇಲೆ ಹೆಗಲಿಗೆ ಹೊರೆಯ ನೆನಪೇ...”

ನಿಂತರು. ಒಂದು ಉಸಿರಿನಷ್ಟು. ಎತ್ತಲು ಹೋಗಲಿಲ್ಲ. ಬೋರಲಿಂಗಯ್ಯನ ಕಡೆ ನೋಡಿ, ಮಂಟಪದಲ್ಲಿ ಹಿಮ್ಮೇಳದವನಿಗೆ ಮಾಡುವ ಹಾಗೆ, ಅಂಗೈ ಮುಂದೆ ಚಾಚಿದರು.

ಆ ಮುದುಕನ ಮೈಯಲ್ಲಿದ್ದ ಕೆಮ್ಮುಗಳು, ಸೀನುಗಳು, ಬೈಗುಳಗಳು ಎಲ್ಲ ಆ ಗಳಿಗೆಯಲ್ಲಿ ಕೇಳುವವರಂತೆ ಕುಳಿತವು. ಅವನು ಕಣ್ಣುಮುಚ್ಚಿದ. ಪದವನ್ನು ಸ್ವಲ್ಪ ಮೇಲಕ್ಕೆತ್ತಿದ. ಆಮೇಲೆ, ಮೆಲ್ಲನೆ, ನಮ್ಮ ಜಗಲಿಯ ಮೇಲೆ ಇಳಿಸಿದ.

“ಉಳಿವುದು.”

ನನ್ನ ಕೈ ತಾನಾಗಿ ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡಿತು.